ಒಂದು ಜಾತಿಯ ಮರ

ಹಳೆಯ ಕಾವ್ಯಗಳನ್ನು ಪಾಠ ಹೇಳುವ ನಮ್ಮಂಥವರ ಬಾಯಲ್ಲಿ ವರ್ಷಕ್ಕೆ ನೂರು ಸಲವಾದರೂ ಬರುವ ಮಾತೊಂದುಂಟು: ‘ಒಂದು ಜಾತಿಯ ಮರ.’ ಪಾದರಿ ಎಂದರೇನು? ಒಂದು ಜಾತಿಯ ಮರ. ಸುರಹೊನ್ನೆ? ಅದೂ ಒಂದು ಜಾತಿಯ ಮರ. ಪಗಡೆ? ಮತ್ತೊಂದು ಜಾತಿಯ ಮರ. ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾನೆ, ನಾವು ಅಂಕ ಹಾಕುತ್ತೇವೆ. ಹೀಗೆ ಕಾಡೆಂಬ ಕಾಡೇ ತರಗತಿಯೊಳಗೆ ಬಂದು ಹೋಗುತ್ತದೆ; ಒಂದು ಎಲೆಯೂ ಅಲುಗುವುದಿಲ್ಲ.

ಈ ಅರ್ಥವಿವರಣೆ ನಿರುಪದ್ರವಿಯಾದದ್ದೆಂದು ನಾನೂ ಬಹುಕಾಲ ನಂಬಿದ್ದೆ. ಕವಿಯ ಹೃದಯ ತಿಳಿದರೆ ಸಾಕು, ಮರದ ಮೈ ತಿಳಿಯಬೇಕಾದ್ದು ಸಸ್ಯಶಾಸ್ತ್ರಜ್ಞರು ಎಂಬ ಹಮ್ಮೂ ಅದರೊಳಗೆ ಇತ್ತೇನೋ. ಈಗ ನನಗೆ ಹಾಗೆ ತೋರುವುದಿಲ್ಲ. ‘ಒಂದು ಜಾತಿಯ ಮರ’ ಎಂದ ಗಳಿಗೆಯಲ್ಲೇ ನಾವು ವಿಮರ್ಶೆಯ ಒಂದು ಮುಖ್ಯವಾದ ಪ್ರಶ್ನೆಯನ್ನು ಮುಚ್ಚಿಹಾಕುತ್ತೇವೆ: ಈ ಕವಿ ಇದನ್ನು ಕಂಡು ಬರೆದನೋ, ಕೇಳಿ ಬರೆದನೋ? ಮರವನ್ನೇ ಅರಿಯದವನು ಈ ಪ್ರಶ್ನೆಯನ್ನು ಕೇಳಲಾರ. ಕೇಳಿದರೂ ಉತ್ತರವನ್ನು ತೂಗಲಾರ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿ. ಜರ್ಮನಿಯಿಂದ ಬಂದ ಪಾದ್ರಿ, ಗಿಡಮರದ ಹೆಸರು ಬಂದ ಕಡೆಯಲ್ಲೆಲ್ಲ ತನಗೆ ಸಾಧ್ಯವಾದ ಮಟ್ಟಿಗೆ ಲ್ಯಾಟಿನ್ ಹೆಸರನ್ನು ಹುಡುಕಿ ಕೊಟ್ಟಿದ್ದಾರೆ. ಅವರಿಗೆ ಆ ಮರ ಪರದೇಶದ್ದು. ಆದುದರಿಂದ ಯಾವುದೆಂದು ಕೇಳಬೇಕಾಯಿತು. ನಮಗೆ ಅದು ನಮ್ಮದು, ಆದುದರಿಂದ ಕೇಳಲಿಲ್ಲ.

ನನ್ನ ಕಣ್ಣು ತೆರೆದ ಪ್ರಸಂಗ ತೀರ ಚಿಕ್ಕದು, ಸ್ವಲ್ಪ ನಾಚಿಕೆಯದು ಕೂಡ. ಪದವಿ ತರಗತಿಗೆ ರಾಮಾಯಣದ ಅಶೋಕವನದ ಭಾಗವನ್ನು ಪಾಠ ಹೇಳುತ್ತಿದ್ದೆ. ಅಶೋಕವೆಂದರೆ ಯಾವುದೆಂದು ಮಕ್ಕಳಿಗೆ ಮನದಟ್ಟಾಗಲೆಂದು ಕಿಟಕಿಯ ಹೊರಗೆ ಕೈ ತೋರಿಸಿದೆ. ನಮ್ಮ ಕಾಲೇಜಿನ ಮುಂದೆ ಸೈನಿಕರಂತೆ ಸಾಲಾಗಿ ನಿಂತ, ಉದ್ದನೆಯ, ಕೊಂಬೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡ ಮರಗಳಿವೆ. ‘ಅಗೋ ಅಶೋಕ’ ಎಂದೆ. ಹದಿನೆಂಟು ವರ್ಷಗಳಿಂದ ಪ್ರತಿ ತಂಡಕ್ಕೂ ಹಾಗೆಯೇ ತೋರಿಸಿದ್ದವನು ನಾನು. ಆಮೇಲೆ ನಡೆದ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗಿ ಅಶೋಕಕ್ಕೆ ಟಿಪ್ಪಣಿ ಬರೆಯುತ್ತ, ಇದು ಕಾಲೇಜಿನ ಮುಂದಿರುವ ಮರವಲ್ಲ, ಅಷ್ಟೊಂದು ಎತ್ತರ ಬೆಳೆಯದ, ಹರಡಿದ ನೆರಳಿನ, ಕೊಂಬೆಗೇ ಅಂಟಿದಂತೆ ಕೆಂಪು ಗೊಂಚಲು ಬಿಡುವ ಮರ ಎಂದು ಬರೆದಿದ್ದಳು. ನಾನು ಅದರ ಮೇಲೆ ಕೆಂಪು ಗೀಟು ಎಳೆದು ಅರ್ಧ ಅಂಕ ಕಳೆದೆ. ಅವಳು ವಾದಿಸಲಿಲ್ಲ. ಪತ್ರಿಕೆ ಹಿಂದಿರುಗಿಸಿದ ದಿನ ಬಾಗಿಲ ಬಳಿ ನಿಂತು, ‘ಸಾರ್, ನಮ್ಮ ತಾತ ಗಾಡಿ ಕೆಲಸ ಮಾಡ್ತಿದ್ದರು. ಅವರು ತೋರಿಸಿದ್ದರು’ ಎಂದಳು, ಅಷ್ಟೇ. ಊರು ಯಾವುದೆಂದು ಕೇಳಿದೆ. ತಾಂಡವಪುರ.

ಮನೆಗೆ ಹೋಗಿ ಪುಸ್ತಕಗಳನ್ನು ತೆಗೆದು ನೋಡಿದಾಗ ಗೀಟು ಎಳೆಯಬೇಕಾದ್ದು ನನ್ನ ಮೇಲೆಯೇ ಎಂದು ಖಚಿತವಾಯಿತು. ಕಾಲೇಜಿನ ಮುಂದಿನದು ಕಂಬದ ಅಶೋಕ. ಸಂಪಿಗೆಗಿಂತ ಸೀತಾಫಲದ ಕುಲಕ್ಕೆ ಹತ್ತಿರವಾದ ಬೇರೆಯೇ ಮರ. ಅದರ ಹೂವು ತಿಳಿಹಸುರು, ಎಲೆಗಳ ನಡುವೆ ಹುಡುಕಿದರೂ ಕಾಣಿಸದು. ಕಾವ್ಯದ ಅಶೋಕ ಹುಣಸೆಯ ಬಳಗಕ್ಕೆ ಸೇರಿದ್ದು. ಅದರ ಎಳೆಯ ತಳಿರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ. ಹೂವು ಕಿತ್ತಳೆಯಿಂದ ಕೆಂಪಿಗೆ ತಿರುಗುವ ಗೊಂಚಲು, ಹಳೆಯ ಕೊಂಬೆಯ ಮೇಲೆಯೇ ಮೂಡುತ್ತದೆ.

ಇದರಿಂದ ಕಾವ್ಯಕ್ಕೆ ಆಗುವ ನಷ್ಟವೇನು ಎಂದು ಕೇಳುವವರುಂಟು. ಕೇಳಲಿ. ಕಂಬದ ಅಶೋಕದ ಬುಡದಲ್ಲಿ ಒಂದು ಮಧ್ಯಾಹ್ನ ಕುಳಿತು ನೋಡಿ. ಕೊಡೆ ಮಡಿಸಿ ಹಿಡಿದವನ ಪಕ್ಕದಲ್ಲಿ ನೆರಳು ಬೇಡಿದಂತಾಗುತ್ತದೆ. ಅಂಥ ಮರದ ಕೆಳಗೆ ಸೀತೆಯನ್ನು ತಿಂಗಳುಗಟ್ಟಲೆ ಕೂರಿಸಿದವನು ನಾನು! ಮನ್ಮಥನ ಐದು ಬಾಣಗಳಲ್ಲಿ ತಾವರೆ, ಮಾವು, ಮಲ್ಲಿಗೆ, ನೈದಿಲೆಗಳ ಜೊತೆಗೆ ಅಶೋಕಕ್ಕೂ ಸ್ಥಾನವುಂಟು. ಕಣ್ಣಿಗೇ ಬೀಳದ ಹಸುರು ಹೂವನ್ನು ಹೂಡಿದರೆ ಆ ಬಾಣ ಯಾರ ಎದೆಗೆ ತಾಗೀತು? ಉರಿಯಂಥ ಹೂವಿನ ಮರಕ್ಕೆ ‘ಶೋಕವಿಲ್ಲದ್ದು’ ಎಂದು ಹೆಸರು. ಆ ಹೆಸರಿನ ವನದಲ್ಲಿ ಶೋಕವೇ ಮೂರ್ತಿವೆತ್ತಂತೆ ಸೀತೆ. ಆ ವೈದೃಶ್ಯವೇ ಆ ಸಂದರ್ಭದ ಜೀವ. ಹದಿನೆಂಟು ತಂಡಗಳಿಗೆ ನಾನು ಆ ಜೀವವನ್ನು ತೆಗೆದು ದೇಹವನ್ನು ಬಡಿಸಿದ್ದೆ.

ಒಂದು ಭಾನುವಾರ ಅಶೋಕಪುರಂ ನಿಲ್ದಾಣದಲ್ಲಿ ಚಾಮರಾಜನಗರದ ರೈಲು ಹತ್ತಿದೆ. (ಈ ಅಶೋಕ ಚಕ್ರವರ್ತಿ; ಮರವಲ್ಲ. ಆದರೂ ಆ ದಿನ ಹಲಗೆ ಓದಿ ನಗು ಬಂತು.) ಕಡಕೊಳ ದಾಟಿದರೆ ತಾಂಡವಪುರ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಗದ್ದೆ ತೋಟ. ಮೈಸೂರಿಗೂ ನಂಜನಗೂಡಿಗೂ ನಡುವೆ, ಪೇಟೆಯೂ ಅಲ್ಲದೆ ಹಳ್ಳಿಯೂ ಅಲ್ಲದೆ ನಿಂತ ಊರು. ಹುಡುಗಿಯ ತಾತನವರು ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಮರದ ಗಾಡಿಗೆ ಗಿರಾಕಿ ಇರುವಷ್ಟು ಕಾಲ ಗಾಡಿ, ನೇಗಿಲು, ಕುಂಟೆ ಮಾಡಿದವರು. ನನ್ನ ಅರ್ಧ ಅಂಕದ ಕಥೆಯನ್ನು ಮೊಮ್ಮಗಳು ಮೊದಲೇ ಹೇಳಿದ್ದಳೆಂದು ಕಾಣುತ್ತದೆ. ಅವರು ಆ ಮಾತೆತ್ತದೆ ಕಾಫಿ ಕೊಡಿಸಿದರು. ಅವರಿಗೆ ಅಶೋಕದ ಪರಿಚಯವಾದದ್ದು ಕಾವ್ಯದಿಂದಲ್ಲ. ಹಿಂದೆ ನಾಟಿ ಔಷಧಿಯವರೊಬ್ಬರು ತೊಗಟೆಗಾಗಿ ಆ ಮರವನ್ನು ಹುಡುಕಿಸಿದ್ದರಂತೆ. ಅಶೋಕಾರಿಷ್ಟವೆಂಬ ಆಯುರ್ವೇದದ ಮದ್ದಿಗೆ ಬೇಕಾದ್ದು ಆ ತೊಗಟೆಯೇ. ಅದಕ್ಕೆ ಕಂಬದ ಅಶೋಕದ ತೊಗಟೆಯನ್ನು ಬೆರಕೆ ಮಾಡುವುದು ದೇಶದಲ್ಲೆಲ್ಲ ಉಂಟು. ಎಂದರೆ ನನ್ನ ತಪ್ಪನ್ನು ವ್ಯಾಪಾರಿಗಳು ಬೇಕೆಂದೇ ಮಾಡುತ್ತಾರೆ. ನಾನು ಲಾಭವಿಲ್ಲದೆ ಮಾಡುತ್ತಿದ್ದೆ.

ಅಂದಿನಿಂದ ಒಂದೂವರೆ ವರ್ಷ, ತಿಂಗಳಿಗೊಂದು ಭಾನುವಾರವಾದರೂ, ನಾನು ಆ ಯಜಮಾನರ ಶಿಷ್ಯ. ಮೊದಲ ದಿನ ನಾನು ಜೇಬಿನಿಂದ ಪುಸ್ತಕ ತೆಗೆದು, ಎಲೆ ಎದುರುಬದುರಾಗಿದೆಯೋ ಒಂದಾದಮೇಲೊಂದು ಇದೆಯೋ ಎಂದು ನೋಡಹೊರಟೆ. ಅವರು ತಡೆದರು. ‘ಮೊದ್ಲೇ ಎಲೆ ನೋಡ್ಬ್ಯಾಡಿ ಮೇಷ್ಟ್ರೇ. ಮರ ಎಲ್ಲಿ ನಿಂತದೆ ಅನ್ನದ ನೋಡಿ.’ ಹೊಳೆದಂಡೆಯ ಮರ ಬೇರೆ, ಹೊಲದ ಬದುವಿನದು ಬೇರೆ, ಗುಡ್ಡದ ಒಣನೆಲದ್ದು ಬೇರೆ, ಯಾರೋ ತಂದು ನೆಟ್ಟದ್ದು ಬೇರೆ. ಆಮೇಲೆ ತೊಗಟೆ: ಕೈಯಿಟ್ಟು ಸವರಿ, ಉಗುರಿನಿಂದ ಕೆರೆದು, ಮೂಸಿ ನೋಡುವುದು. ಆಮೇಲೆ ಎಲೆ, ಕಿತ್ತರೆ ಹಾಲು ಬರುತ್ತದೆಯೇ ಎಂಬುದು. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಇವೆಲ್ಲ ಹಾಲಿನ ಮನೆತನದವು. ಹೂವು ಕಡೆಗೆ, ಏಕೆಂದರೆ ಹೂವು ವರ್ಷದಲ್ಲಿ ಕೆಲವೇ ದಿನದ ಅತಿಥಿ, ಅದನ್ನೇ ನೆಚ್ಚಿದವನು ಉಳಿದ ತಿಂಗಳೆಲ್ಲ ಕುರುಡ. ನಮ್ಮ ಕವಿಗಳೂ ಅವರ ವ್ಯಾಖ್ಯಾನಕಾರರಾದ ನಾವೂ ಹೆಚ್ಚಾಗಿ ಹೂವನ್ನೇ ನೆಚ್ಚಿದವರು ಎಂಬುದು ಆಗ ಹೊಳೆಯಿತು. ತೊಗಟೆಯನ್ನು ವರ್ಣಿಸಿದ ಪದ್ಯವೊಂದನ್ನು ಜ್ಞಾಪಿಸಿಕೊಳ್ಳಲು ಆ ರಾತ್ರಿ ಎಷ್ಟು ಹೆಣಗಿದರೂ ನನಗೆ ಒದಗಲಿಲ್ಲ.

ಫಾಲ್ಗುಣದಲ್ಲಿ ಒಂದು ದಿನ ಎಲೆಯುದುರಿ ಬೋಳಾದ ಮುತ್ತುಗದ ಮರವೊಂದು ಮೈತುಂಬ ಹೂ ಬಿಟ್ಟು ನಿಂತಿತ್ತು. ಯಜಮಾನರು ಒಂದು ಹೂವನ್ನು ಕೈಗಿತ್ತು ‘ಮೂಸಿ’ ಎಂದರು. ಏನೂ ಇಲ್ಲ. ಕುಲರೂಪಗಳಿದ್ದರೂ ವಿದ್ಯೆಯಿಲ್ಲದವರು ಗಂಧವಿಲ್ಲದ ಕಿಂಶುಕದ ಹಾಗೆ ಎಂಬ ಸುಭಾಷಿತವನ್ನು ನಾನು ಎಷ್ಟು ಭಾಷಣಗಳಲ್ಲಿ ಬಳಸಿದ್ದೇನೋ ಲೆಕ್ಕವಿಲ್ಲ. ಕಿಂಶುಕವೇ ಮುತ್ತುಗವೆಂಬುದು ನಿಘಂಟಿನ ಬಲದಿಂದ ಗೊತ್ತಿತ್ತು. ಮುತ್ತುಗದ ಎಲೆಯ ಮೇಲೆ ಮದುವೆ ಊಟ ಮಾಡಿದ್ದೆ. ಆದರೆ ಎಲೆ ಬೇರೆ ಕಡೆ, ಹೆಸರು ಬೇರೆ ಕಡೆ, ಗಾದೆ ಬೇರೆ ಕಡೆ ಇದ್ದವು. ಮೂರೂ ಒಂದು ಕೊಂಬೆಯ ಮೇಲೆ ಕೂಡಿದ್ದು ಆ ದಿನ. ಗಿಣಿಯ ಕೊಕ್ಕಿನಂತೆ ಬಾಗಿದ ಆ ಎಸಳನ್ನು ನೋಡಿದ ಮೇಲೆ, ‘ಇದೇನು ಗಿಣಿಯೇ’ ಎಂಬ ಪ್ರಶ್ನೆಯೇ ಹೆಸರಾಯಿತೆಂಬ ಪಂಡಿತರ ವ್ಯುತ್ಪತ್ತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನೊಮ್ಮೆ ನಂಜನಗೂಡಿಗೆ ಹೋಗಿ ಕಪಿಲೆಯ ದಂಡೆ ಹಿಡಿದು ನಡೆದೆವು. ದಳವಾಯಿ ದೇವರಾಜಯ್ಯನ ಕಾಲದ, 1735ರ ಹಳೆಯ ಸೇತುವೆಯನ್ನು ನೋಡಿಕೊಂಡು ಮುಂದೆ ಹೋದರೆ ನೀರಿಗೆ ಬಾಗಿದ ಒಂದು ಭಾರಿ ಮರ. ತೊಗಟೆ ಬೂದುಬಿಳುಪು, ನುಣುಪು. ಹಪ್ಪಳದಂತೆ ಎದ್ದು ಬರುತ್ತದೆ. ‘ಹೊಳೆಮತ್ತಿ’ ಎಂದರು ಯಜಮಾನರು. ಬಂಡೀಪುರದ ಕಾಡಿನಲ್ಲಿರುವ ಕರಿಮತ್ತಿ ಇದರ ಅಣ್ಣತಮ್ಮಂದಿರ ಪೈಕಿ. ಅದರ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಕಪ್ಪಗೆ ಬಿರುಕುಬಿಟ್ಟದ್ದು. ಹೊಳೆಮತ್ತಿಗೆ ಸಂಸ್ಕೃತದಲ್ಲಿ ಅರ್ಜುನವೆಂದು ಹೆಸರು, ಕಕುಭವೆಂದು ಇನ್ನೊಂದು. ಅರ್ಜುನವೆಂದರೆ ಬಿಳುಪು. ಆ ತೊಗಟೆಯ ಮೇಲೆ ಕೈಯಿಟ್ಟವನಿಗೆ ಹೆಸರಿನ ಅರ್ಥಕ್ಕೆ ನಿಘಂಟು ಬೇಕಿಲ್ಲ. ಲ್ಯಾಟಿನ್ನಿನವರು ಕೂಡ ‘ಟರ್ಮಿನೇಲಿಯ ಅರ್ಜುನ’ ಎಂದು ನಮ್ಮ ಹೆಸರನ್ನೇ ಉಳಿಸಿಕೊಂಡಿದ್ದಾರೆ. ‘ಒಂದು ಜಾತಿಯ ಮರ’ ಎಂದು ಅದನ್ನು ಕಳೆದವರು ನಾವು. ಆದರೆ ನನಗೆ ಈ ಎಲ್ಲ ಹೆಸರುಗಳಲ್ಲಿ ಹೊಳೆಮತ್ತಿಯೇ ಹೆಚ್ಚು ಹಿಡಿಸಿತು. ಅದು ಹೆಸರಷ್ಟೇ ಅಲ್ಲ, ವಿಳಾಸ ಕೂಡ. ಈ ಸೀಮೆಯ ಊರುಗಳಿಗೂ ಅಂಥ ಗುಣವುಂಟು: ನಂಜನಗೂಡು ತಾಲ್ಲೂಕಿನಲ್ಲೇ ನೇರಳೆ ಎಂಬ ಊರಿದೆ, ದಳವಾಯಿಗಳ ಕಳಲೆ ಇದೆ, ಕಳಲೆಯೆಂದರೆ ಬಿದಿರಿನ ಮೊಳಕೆ. ತಿರುಮಕೂಡಲಿನಲ್ಲಿ ನರಸಿಂಹಸ್ವಾಮಿಯೇ ಗುಂಜಾನರಸಿಂಹ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನರ ನಂಬಿಕೆ. ಆ ಗುಲಗಂಜಿ ಬಳ್ಳಿಯ ಬೀಜ. ಕೆಂಪಿನ ತುದಿಗೆ ಕಪ್ಪು ಚುಕ್ಕೆಯದು. ಚುಕ್ಕೆಯಿಲ್ಲದ ಕೆಂಪು ಬೀಜ ಬಿಡುವ ಆನೆಗುಲಗಂಜಿ ದೊಡ್ಡ ಮರ. ನಮ್ಮ ಅಧ್ಯಾಪಕ ಮಿತ್ರರಲ್ಲಿ ಎಷ್ಟು ಜನ ಎರಡನ್ನೂ ಬೇರೆಯಾಗಿ ತೋರಿಸಬಲ್ಲರೋ ಕೇಳಲು ನನಗೆ ಧೈರ್ಯವಿಲ್ಲ. ಹಿಂದಿನ ವರ್ಷದ ತನಕ ನನ್ನ ಉತ್ತರವೇ ಶೂನ್ಯವಾಗಿತ್ತು.

ಮರ ತಿಳಿದರೆ ಪದ್ಯ ಬದಲಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ವಿರಾಟಪರ್ವದಲ್ಲಿ ಪಾಂಡವರು ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟ ಕಥೆ ಎಲ್ಲರಿಗೂ ಗೊತ್ತು. ಮೈಸೂರಿನವರಿಗಂತೂ ಬನ್ನಿಮಂಟಪದ ದಸರೆಯಿಂದ ಅದು ಮನೆಮಾತು. ನಾನು ಅದನ್ನು ಪೂಜ್ಯ ವೃಕ್ಷವೆಂದು ವಿವರಿಸಿ ಮುಂದೆ ಹೋಗುತ್ತಿದ್ದೆ. ತಾಂಡವಪುರದ ಹೊಲದ ಬದುವೊಂದರಲ್ಲಿ ಬನ್ನಿಯ ಕೊಂಬೆ ಹಿಡಿಯಹೋಗಿ ಅಂಗೈಯಲ್ಲಿ ರಕ್ತ ಬಂದಾಗ ಉತ್ತರಕುಮಾರನ ನೆನಪಾಯಿತು. ಜನ ಬನ್ನಿಯೆಂದು ಕರೆಯುವ ಮರಗಳು ಎರಡು, ಎರಡೂ ಮುಳ್ಳಿನವೇ. ಆಯುಧ ಬಚ್ಚಿಡಲು ಯಾರೂ ಸುಲಭವಾಗಿ ಹತ್ತದ ಮರವನ್ನೇ ಆರಿಸಿದ್ದು, ಮೂಲ ಭಾರತದಲ್ಲಿ ಅದಕ್ಕೆ ಹೆಣವನ್ನು ಬೇರೆ ಕಟ್ಟಿದ್ದು, ಎಲ್ಲವೂ ಲೋಕಾನುಭವದ ಮಾತು. ವರ್ಷ ಕಳೆದ ಮೇಲೆ ಬೃಹನ್ನಳೆ ಆ ಮರಕ್ಕೆ ಹತ್ತಿಸುವುದು ಯಾರನ್ನು? ಅಂತಃಪುರದಲ್ಲಿ ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ರಾಜಕುಮಾರನನ್ನು. ಅವನ ನುಣ್ಣನೆಯ ಕೈ, ಬನ್ನಿಯ ಮುಳ್ಳು! ಕುಮಾರವ್ಯಾಸನನ್ನು ಗಮಕಿಗಳು ಹಾಡುವಾಗ ಹಳ್ಳಿಯ ಸಭೆ ಎಲ್ಲಿ ನಗುತ್ತಿತ್ತೋ ಅಲ್ಲಿ ನಮ್ಮ ತರಗತಿ ಗಂಭೀರವಾಗಿ ಟಿಪ್ಪಣಿ ಬರೆದುಕೊಳ್ಳುತ್ತದೆ. ಕೇಳುಗರಿಗೆ ಮುಳ್ಳು ಗೊತ್ತೆಂದು ನೆಚ್ಚಿಕೊಂಡೇ ಕವಿ ಅದನ್ನು ಬಿಡಿಸಿ ಹೇಳದೆ ಬಿಡಬಹುದು. ಆ ನೆಚ್ಚಿಕೆಗೆ ನಾವು ಎರಡು ಬಗೆದಿದ್ದೇವೆ.

ಇಷ್ಟೆಲ್ಲ ಕಲಿಯುವಾಗ ನನಗೆ ಒತ್ತಾಸೆಯಾಗಿ ನಿಂತ ಪುಸ್ತಕವೆಂದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1976ರಲ್ಲಿ ಪ್ರಕಟವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಕೃತಿ. ನಾನು ಎಂ.ಎ. ಓದುವಾಗ ಅದನ್ನು ಲಘುಬರಹವೆಂದು ಬದಿಗಿಟ್ಟಿದ್ದೆ. ನಗೆ ಬರಿಸುವ ಪುಸ್ತಕ ಶಾಸ್ತ್ರವಾಗಲಾರದು, ಶಾಸ್ತ್ರ ಹೇಳುವ ಪುಸ್ತಕ ಸಾಹಿತ್ಯವಾಗಲಾರದು ಎಂಬ ಎರಡು ಮೂಢನಂಬಿಕೆಗಳು ಒಟ್ಟಿಗೆ ಕೆಲಸಮಾಡಿರಬೇಕು. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಡಿ.ವಿ.ಜಿ.ಯವರ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವೇ ಇಲ್ಲಿ ಕಥೆಯ ಎಳೆ. ಹುಡುಗರು ತಪ್ಪು ಹೆಸರು ಹೇಳುತ್ತಾರೆ, ತರಲೆ ಮಾಡುತ್ತಾರೆ, ಹಸಿವೆಂದು ಗೊಣಗುತ್ತಾರೆ. ನಡುನಡುವೆ ಗಿಡವೊಂದು ಎದುರಾಗುತ್ತದೆ, ಅದರ ಹೆಸರಿನ ಜಾತಕ ಬಿಚ್ಚಿಕೊಳ್ಳುತ್ತದೆ. ಚಿತ್ರಗಳೂ ಅವರ ಕೈಯವೇ.

ಈ ಪುಸ್ತಕದ ದೊಡ್ಡ ಗುಣವೆಂದು ನನಗೆ ತೋರುವುದು ಅದರ ಮಾಹಿತಿಯಲ್ಲ, ಅದರ ಕ್ರಮ. ಗುರುತಿಸುವುದೆಂದರೆ ತಪ್ಪುತ್ತ ಕಲಿಯುವುದು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಲೇಖಕ ತಪ್ಪಿದ್ದನ್ನು ಎಲ್ಲಿಯಾದರೂ ನೋಡಿದ್ದೀರಾ? ನಾವು ತೀರ್ಪಿನಿಂದಲೇ ಆರಂಭಿಸುತ್ತೇವೆ. ಸ್ವಾಮಿ ಎಲೆಯಿಂದ ಆರಂಭಿಸುತ್ತಾರೆ. ದೋಷವಿಲ್ಲವೆಂದಲ್ಲ. ಹಾಸ್ಯ ಕೆಲವು ಕಡೆ ವಿದ್ಯಾರ್ಥಿಗಳ ಬೆನ್ನಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಸವಾರಿ ಮಾಡುತ್ತದೆ. ನಮ್ಮ ಬಯಲುಸೀಮೆಯ ಜಾಲಿ, ಬೇಲಗಳ ಓದುಗನಿಗೆ ಅವರ ದಟ್ಟ ಕಾಡು ಸ್ವಲ್ಪ ಅಸೂಯೆಯನ್ನೂ ಹುಟ್ಟಿಸುತ್ತದೆ. ಆದರೆ ಕಲಿಸುವ ಬಗೆಯನ್ನು ಕಲಿತವನಿಗೆ ಕಾಡು ಯಾವುದಾದರೇನು? ಇದೇ ಲೇಖಕರು ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕವನ್ನೂ ಬರೆದರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಮೆಣಸಿನಕಾಯಿ, ಆಲೂಗೆಡ್ಡೆಗಳು ಹೊರಗಿನಿಂದ ಬಂದವೆಂದು ತೋರಿಸಿದರು. ಅದನ್ನು ಓದಿದ ಮೇಲೆ ನಮ್ಮ ಕಾಲೇಜಿನ ಆವರಣವನ್ನು ಒಂದು ಸುತ್ತು ಬಂದೆ. ಮಳೆಮರ ಅಮೆರಿಕದ ಉಷ್ಣವಲಯದ್ದು. ಕೆಂಪು ಗುಲ್‌ಮೊಹರ್ ಮಡಗಾಸ್ಕರಿನದು. ಸಿಲ್ವರ್ ಓಕ್, ನೀಲಗಿರಿ ಎರಡೂ ಆಸ್ಟ್ರೇಲಿಯಾದಿಂದ ಬಂದವು. ಹಳೆಗನ್ನಡ ಕವಿಗಳು ಹೆಸರಿಸಿದ ಮರ ಹೊಂಗೆಯೊಂದನ್ನು ಬಿಟ್ಟರೆ ನನಗೆ ಅಲ್ಲಿ ಸಿಕ್ಕಲಿಲ್ಲ. ಪರದೇಶದ ಮರಗಳ ನೆರಳಿನಲ್ಲಿ ನಿಂತು ದೇಶದ ಮರಗಳಿಗೆ ಅರ್ಥ ಹೇಳುತ್ತಿದ್ದೇವೆ.

ನನ್ನ ಸಹೋದ್ಯೋಗಿಯೊಬ್ಬರು ಈ ವಿಚಾರಕ್ಕೆ ಒಪ್ಪುವುದಿಲ್ಲ. ಅವರ ಆಕ್ಷೇಪ ಹಗುರವಾದದ್ದಲ್ಲ. ಕಾವ್ಯದ ಅಶೋಕ ತೋಟದ ಅಶೋಕವಲ್ಲ, ಅದು ಕವಿಸಮಯ. ಹೆಣ್ಣಿನ ಪಾದ ತಾಗಿದರೆ ಅಶೋಕ ಹೂ ಬಿಡುತ್ತದೆ, ಬಾಯಿಯ ಮದ್ಯ ಉಗುಳಿದರೆ ಬಕುಳ ಅರಳುತ್ತದೆ ಎಂಬುದನ್ನು ಯಾವ ಸಸ್ಯಶಾಸ್ತ್ರ ಒಪ್ಪೀತು? ಅಷ್ಟಾದಶ ವರ್ಣನೆಯಲ್ಲಿ ವನವೂ ಒಂದು. ಅದು ಕಾಡಿನ ವರದಿಯಲ್ಲ. ಹೀಗೆಂದು ಅವರ ವಾದ. ಒಪ್ಪತಕ್ಕ ಮಾತೇ. ಚಂಪೂಕಾವ್ಯಗಳ ವನವರ್ಣನೆಯಲ್ಲಿ ಎಷ್ಟೋ ಮರಗಳು ಎರಡನೆಯ ಅಕ್ಷರದ ಪ್ರಾಸದ ಬಲದಿಂದಲೇ ಪದ್ಯದೊಳಗೆ ನಿಂತಿವೆ, ಬೇರಿನ ಬಲದಿಂದಲ್ಲ. ಆದರೆ ಯಾವುದು ಪ್ರಾಸದ ಮರ, ಯಾವುದು ಬೇರಿನ ಮರ ಎಂದು ತಿಳಿಯುವ ಬಗೆ ಹೇಗೆ? ಸಮಯವನ್ನು ಸಮಯವೆಂದು ಗುರುತಿಸುವುದಕ್ಕೂ ಮರ ಗೊತ್ತಿರಬೇಕಷ್ಟೆ. ಬಕುಳದ ಹೂವು ಬೆಳಗಿನ ಜಾವದಲ್ಲಿ ತಾನಾಗಿ ಉದುರುತ್ತದೆ, ಒಣಗಿದರೂ ಕಂಪು ಬಿಡುವುದಿಲ್ಲ. ಮದ್ಯದ ಕಲ್ಪನೆ ಆ ಮತ್ತೇರಿಸುವ ಕಂಪಿನಿಂದ ಹುಟ್ಟಿರಬಾರದೇಕೆ? ಇದು ನನ್ನ ಊಹೆ. ಆದರೆ ಊಹಿಸುವುದಕ್ಕಾದರೂ ಒಂದು ಹಿಡಿ ಹೂವನ್ನು ಮೂಸಿರಬೇಕು.

ಪಂಪ ಬನವಾಸಿಯನ್ನು ನೆನೆಯುವಾಗ ಹೆಸರಿಸುವ ಮಾವು, ವೀಳ್ಯದೆಲೆಯ ಬಳ್ಳಿ, ಜಾಜಿ, ಸಂಪಿಗೆಗಳು ಆ ಪ್ರಾಂತದಲ್ಲಿ ಇಂದಿಗೂ ಹಿತ್ತಲಿನ ಗಿಡಗಳು. ಅಲ್ಲಿ ದೇವಲೋಕದ ಮರ ಒಂದೂ ಇಲ್ಲ. ಊರಿನ ಹಂಬಲ ಊರಿನ ಗಿಡವನ್ನೇ ಹಿಡಿದುಕೊಂಡಿದೆ. ಹರಿಹರನ ಪುಷ್ಪರಗಳೆಯಲ್ಲಿ ಹೂವನ್ನು ಹೆಸರಿಸುವವನು ನೋಡುವವನಲ್ಲ, ಬುಟ್ಟಿ ಹಿಡಿದು ಬಿಡಿಸುವವನು. ಆ ಕೈಯ ಸಲಿಗೆ ಸೊಲ್ಲಿನಲ್ಲಿ ಕೇಳುತ್ತದೆ. ಬೇಂದ್ರೆಯವರ ಯುಗಾದಿಯ ಕವಿತೆ ಯಾರಿಗೆ ಬಾರದು? ಅಲ್ಲಿ ಹೊಂಗೆಯ ಹೂವಿದೆ, ದುಂಬಿಯಿದೆ, ಬೇವಿನ ಹೂವಿದೆ. ಚೈತ್ರದಲ್ಲಿ ತಾಂಡವಪುರದ ದಾರಿಯ ಹೊಂಗೆಯ ಕೆಳಗೆ ನಿಂತವನಿಗೆ ಮೊದಲು ಬರುವುದು ಹೂವಿನ ನೋಟವಲ್ಲ, ತಲೆಯ ಮೇಲಿನ ಮೊರೆತ. ಪಕ್ಕದ ಬೇವೂ ಆ ದಿನಗಳಲ್ಲೇ ಹೂತಿರುತ್ತದೆ. ಕವಿತೆಯ ಪಂಚಾಂಗ ನೆಲದ ಪಂಚಾಂಗಕ್ಕೆ ಸರಿಹೊಂದುತ್ತದೆ. ನಾನು ಶಬ್ದಾಲಂಕಾರವೆಂದು ತೋರಿಸುತ್ತಿದ್ದುದರ ಅರ್ಧ ಭಾಗ, ನೋಡಿದರೆ, ಕಿವಿಗೆ ಬಿದ್ದ ಸತ್ಯ.

ಹಿಂದೆ ಕನ್ನಡದಲ್ಲಿ ಮರವನ್ನು ಬಲ್ಲವರೂ ಪದ್ಯವನ್ನು ಬಲ್ಲವರೂ ಇಷ್ಟು ದೂರವಿರಲಿಲ್ಲವೆಂಬುದನ್ನೂ ಹೇಳಬೇಕು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಉಂಟು, ಅದೂ ಪದ್ಯದಲ್ಲಿ. ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥ. ಅಲ್ಲಿ ಬರುವ ಬೇರು ತೊಗಟೆಗಳಿಗೆ ‘ಒಂದು ಜಾತಿಯ ಮರ’ ಎಂದು ಅರ್ಥ ಬರೆದು ಯಾರಿಗಾದರೂ ಕುಡಿಸಿದರೆ ಏನಾದೀತೆಂದು ಓದುಗರೇ ಊಹಿಸಬಹುದು. ನಾವು ಆ ಗ್ರಂಥಗಳನ್ನು ಸಾಹಿತ್ಯ ಚರಿತ್ರೆಯ ಪುಟದಲ್ಲಿ ‘ಶಾಸ್ತ್ರಸಾಹಿತ್ಯ’ ಎಂಬ ಉಪಶೀರ್ಷಿಕೆಯ ಕೆಳಗೆ ಮಲಗಿಸಿ ಮುಂದೆ ಹೋಗಿದ್ದೇವೆ.

ಒಂದು ದಿನ ಜೈಮಿನಿ ಭಾರತವನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಲಕ್ಷ್ಮೀಶನ ಉಪವನದ ವರ್ಣನೆಯನ್ನು ಯಜಮಾನರಿಗೆ ಓದಿ ಹೇಳಿದೆ. ಮರದ ಹೆಸರು ಬಂದಾಗಲೆಲ್ಲ ನಿಲ್ಲಿಸಿ ನಮ್ಮ ಕಡೆಯ ಹೆಸರು ಹೇಳಿದೆ. ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಕೇಳಿದರು. ನಾದ ಹಿಡಿಸಿತೆಂದು ಮುಖ ಹೇಳುತ್ತಿತ್ತು. ಮುಗಿದ ಮೇಲೆ ಅಂದರು: ‘ಚೆಂದಾಗದೆ. ಆದ್ರೆ ಈ ಮರಗಳು ಒಂದ್ಕಡೆ ನಿಲ್ಲಕ್ಕಿಲ್ಲ ಮೇಷ್ಟ್ರೇ. ಅದರಾಗೆ ಹೊಳೆ ಮರ ಅದೆ, ಗುಡ್ಡದ್ದು ಅದೆ, ಮಳೆಕಾಡಿಂದು ಅದೆ.’

ನಾನು ಕವಿಯ ಪರವಾಗಿ ನಿಂತೆ. ಇದು ಅರಣ್ಯವಲ್ಲ, ಉಪವನ. ಅರಸರು ನೆಡಿಸಿದ ತೋಟ. ಎಲ್ಲಿಂದಲೋ ತಂದು ನೆಟ್ಟಿರಬಹುದು ಎಂದೆ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು.

‘ಬೆಳೆಸುದ್ರೆ ಬೆಳೀತವೆ, ಸರಿ. ಮತ್ತೆ ನೀರ್ ಹಾಕ್ದೋನು ಎಲ್ಲವ್ನೆ ಇದರಾಗೆ?’

ನಾನು ಪದ್ಯಗಳನ್ನು ಮತ್ತೆ ತಿರುವಿಹಾಕಿದೆ. ಹೂವಿದೆ, ಹಣ್ಣಿದೆ, ಕೋಗಿಲೆ, ಗಿಳಿ, ದುಂಬಿಗಳಿವೆ, ತಂಗಾಳಿಯಿದೆ. ಗುದ್ದಲಿ ಹಿಡಿದವನೊಬ್ಬನಿಗಾಗಿ ಹುಡುಕುತ್ತ ಕುಳಿತೆ, ರೈಲಿಗೆ ಹೊತ್ತಾಯಿತು. ಲಕ್ಷ್ಮೀಶನ ಮೇಲೆ ಎಷ್ಟೋ ಪ್ರಬಂಧಗಳನ್ನು ಓದಿದ್ದೇನೆ, ಒಂದೆರಡು ಬರೆದೂ ಇದ್ದೇನೆ. ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ.

2025ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ, ದಾರಿ ಅಗಲ ಮಾಡಲೆಂದು ಸುಮಾರು ನಲವತ್ತು ಮರಗಳನ್ನು ಕಡಿದರು. ಊರಿನ ಜನ ಮರುಗಿದರು, ಪ್ರತಿಭಟಿಸಿದರು. ನಾನೂ ಪತ್ರಿಕೆಯಲ್ಲಿ ಓದಿ ಮರುಗಿದವನೇ. ಕಾಲೇಜಿನ ವಿರಾಮದ ಕೋಣೆಯಲ್ಲಿ ಆವೇಶದಿಂದ ಮಾತನಾಡಿದೆ ಕೂಡ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೆನೋ! ಆದರೆ ಕಡಿದವು ಯಾವ ಮರಗಳೆಂದು ಯಾರಾದರೂ ಆ ಕ್ಷಣ ಕೇಳಿದ್ದರೆ ನಾನು ಕೊಡಬಹುದಾಗಿದ್ದ ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿತ್ತು. ನಲವತ್ತು ಎಂಬ ಸಂಖ್ಯೆಗೆ ಅತ್ತೆ. ತಾಂಡವಪುರಕ್ಕೆ ಹೋಗಲು ಶುರುಮಾಡಿದ್ದು ಆ ವರ್ಷವೇ ಎಂಬುದು ಕಾಕತಾಳೀಯವಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

ಹುಡುಗಿಯ ಅರ್ಧ ಅಂಕವನ್ನು ಹಿಂದಕ್ಕೆ ಕೊಟ್ಟೆ; ಅಂಕಪಟ್ಟಿ ಅಷ್ಟರಲ್ಲಿ ಮೇಲಕ್ಕೆ ಹೋಗಿದ್ದುದರಿಂದ ಅದು ಉತ್ತರಪತ್ರಿಕೆಯ ಮೇಲೆ ಮಾತ್ರ ಇದೆ. ಈ ವರ್ಷದ ತಂಡವನ್ನು ಅಶೋಕವನದ ಪಾಠದ ದಿನ ಕಿಟಕಿಯ ಕಡೆ ತಿರುಗಿಸದೆ, ನಂಜನಗೂಡಿನ ಒಂದು ಹಳೆಯ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದೆ. ಹೂವಿನ ಕಾಲವಾಗಿರಲಿಲ್ಲ. ತಾಮ್ರವರ್ಣದ ತಳಿರು ಮಾತ್ರ ಜೋತುಬಿದ್ದಿತ್ತು. ಮಕ್ಕಳು ಒಬ್ಬೊಬ್ಬರಾಗಿ ತೊಗಟೆಯನ್ನು ಮುಟ್ಟಿ ನೋಡಿದರು. ಒಬ್ಬ ಹುಡುಗ, ‘ಸಾರ್, ಇಲ್ಲಿ ಕೂತರೆ ಯಾರಿಗೂ ಕಾಣಿಸೋಲ್ಲ’ ಎಂದ. ನೆರಳು ಅಷ್ಟು ದಟ್ಟವಾಗಿತ್ತು.

ಕಳೆದ ಭಾನುವಾರ ರೈಲುಹಳಿಯ ಪಕ್ಕದಲ್ಲಿ ಒಂದು ಮರದ ಎಲೆಯನ್ನು ಕಿತ್ತು ಯಜಮಾನರ ಮುಂದೆ ಹಿಡಿದೆ. ತಿರುಗಿಸಿ ನೋಡಿದರು, ತೊಟ್ಟು ಮುರಿದರು, ಮೂಸಿದರು, ಮೊಮ್ಮಗಳಿಗೂ ಕೊಟ್ಟರು. ಇಬ್ಬರೂ ತಲೆಯಾಡಿಸಿದರು. ಅದೀಗ ನನ್ನ ಮೇಜಿನ ಮೇಲೆ ಕಿಟ್ಟೆಲರ ನಿಘಂಟಿನೊಳಗೆ ಒಣಗುತ್ತಿದೆ. ಅದರ ಕಾಯಿ ಬಲಿಯಲು ಇನ್ನೂ ಎರಡು ತಿಂಗಳಾದರೂ ಬೇಕೆಂದು ಯಜಮಾನರ ಅಂದಾಜು.